ಒಂದೇ ದೇವರು, ಹತ್ತು ಸ್ಪೆಲ್ಲಿಂಗ್: ಈಜಿಪ್ಟಿನ ಚಿತ್ರಲಿಪೀಲಿ ದೇವರ ಹೆಸರು ಓದೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಪ್ರೊಫೆಸರ್ ಅಲ್ಲ. ರಾತ್ರಿ ಊಟ ಆದ್ಮೇಲೆ ಒಂದ್ ಗಂಟೆ ಮ್ಯೂಸಿಯಂಗಳು ಆನ್‌ಲೈನ್ ಹಾಕಿರೋ ಫೋಟೋಗಳನ್ನ ಝೂಮ್ ಮಾಡ್ಕೊಂಡು, ಪಕ್ಕದಲ್ಲಿ ಒಂದ್ ನೋಟ್‌ಬುಕ್ ಇಟ್ಕೊಂಡು ಕಲ್ತಿದ್ದು. ಅಕ್ಷರಗಳು ಬೇಗ ಬಂದ್ವು, ಇಪ್ಪತ್ತೈದರಷ್ಟು ಒಂಟಿ ಧ್ವನಿ ಚಿಹ್ನೆ ಕಲಿಯೋಕೆ ಎರಡು ವಾರ ಸಾಕು. ತಲೆ ಕೆಟ್ಟಿದ್ದು ದೇವರ ಹೆಸರಲ್ಲಿ. ಒಂದು ಕಲ್ಲಲ್ಲಿ ಸತ್ತವರ ಲೋಕದ ದೇವರು ಒಸಿರಿಸ್ ಅಂದ್ರೆ ಸಿಂಹಾಸನ ಮತ್ತೆ ಕಣ್ಣು, ಇನ್ನೊಂದರಲ್ಲಿ ಅದ್ರ ಜೊತೆ ಕೂತಿರೋ ಗಡ್ಡದ ದೇವರು, ಮತ್ತೊಂದರಲ್ಲಿ ಗಡ್ಡದವನ ಜಾಗದಲ್ಲಿ ಒಂದು ಬಾವುಟ. ಬರೆದವ್ರಿಗೆ ಸ್ಪೆಲ್ಲಿಂಗ್ ಬರ್ತಿರ್ಲಿಲ್ವಾ ಅಂತ ಅನ್ಕೊಂಡಿದ್ದೆ.

ಬರ್ತಿತ್ತು, ಚೆನ್ನಾಗೇ ಬರ್ತಿತ್ತು. ಅವ್ರ ಲಿಪೀಲಿ ಒಂದು ಹೆಸರನ್ನ ನಾಲ್ಕೈದು ಥರ ಬರೆಯೋಕೆ ದಾರಿ ಇತ್ತು, ಯಾವ್ದನ್ನ ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ಅವ್ರ ಹತ್ರ ಕಾರಣಾನೂ ಇತ್ತು. ಜಾಗ ಸಾಲ್ದೇ ಇರೋದು ಒಂದು ಕಾರಣ, ಭಕ್ತಿ ಒಂದು, ಭಯ ಇನ್ನೊಂದು, ರಾಜಕೀಯ ಮತ್ತೊಂದು, ಕೊನೆಗೆ ಬರೀ ಜಾಣತನ ತೋರ್ಸೋ ಚಟ. ಹಾಗಾಗಿ ಹೆಸರು ಏನು ಅಂತ ಓದೋದು ಅರ್ಧ ಕೆಲಸ, ಇಲ್ಲಿ ಯಾಕೆ ಹೀಗೇ ಬರ್ದ ಅಂತ ಕೇಳೋದು ಇನ್ನರ್ಧ. ಎರಡನ್ನೂ ನಾನು ಮಾಡೋ ಕ್ರಮದಲ್ಲೇ ಹೇಳ್ತಾ ಹೋಗ್ತೀನಿ.

ಶುರು ಮಾಡೋ ಮುಂಚೆ ಒಂದು ಗೊಂದಲ ಕ್ಲಿಯರ್ ಮಾಡ್ಕೊಳ್ಳಿ. ಅಮುನ್, ಅಮೋನ್, ಅಮೆನ್ ಅಂತ ಪುಸ್ತಕಗಳಲ್ಲಿ ಬೇರೆಬೇರೆ ನೋಡ್ತೀವಲ್ಲ, ಅದು ಈಜಿಪ್ಟಿನವ್ರ ವ್ಯತ್ಯಾಸ ಅಲ್ಲ, ನಮ್ಮ ಕಾಲದವ್ರದ್ದು. ಚಿತ್ರಲಿಪೀಲಿ ಸ್ವರಗಳನ್ನ ಬರೀತಾನೇ ಇರ್ಲಿಲ್ಲ, ಇರೋದು ಬರೀ ಇ-ಮ್-ನ್ ಅನ್ನೋ ಎಲುಬಿನ ಗೂಡು (ಇಲ್ಲಿ ಇ ಅಂತ ಬರ್ದಿರೋದೂ ಅವ್ರ ಲೆಕ್ಕದಲ್ಲಿ ಒಂದು ಮೆಲು ವ್ಯಂಜನ). ಮಧ್ಯದ ಸ್ವರಕ್ಕೆ ನಾವು ಕಾಪ್ಟಿಕ್ ಕಡೆ, ಅಂದ್ರೆ ಗ್ರೀಕ್ ಅಕ್ಷರಗಳಲ್ಲಿ ಸ್ವರ ಸಮೇತ ಬರೆದ ಈಜಿಪ್ಟ್ ಭಾಷೆಯ ಕೊನೇ ರೂಪದ ಕಡೆ ನೋಡ್ತೀವಿ, ಅಲ್ಲಿ ಅಮೂನ್ ಅಂತಿದೆ, ಸೂರ್ಯ ದೇವರಿಗೆ ರೇ ಅಂತಿದೆ. ಇಲ್ಲಾಂದ್ರೆ ಬೇರೆ ದೇಶದವ್ರು ಈಜಿಪ್ಟ್ ರಾಜರಿಗೆ ಕ್ಯೂನಿಫಾರ್ಮಲ್ಲಿ, ಅಂದ್ರೆ ಮಣ್ಣಿನ ಹಲಗೆ ಮೇಲಿನ ಬೆಣೆಲಿಪೀಲಿ ಬರೆದ ಅಮರ್ನಾ ಪತ್ರಗಳ ಕಡೆ, ಅಲ್ಲಿ ಮೂರನೇ ಅಮೆನ್‌ಹೋಟೆಪ್‌ನ ಇನ್ನೊಂದು ಹೆಸರು ನೆಬ್‌ಮಾತ್‌ರಾ ಅನ್ನೋದು ನಿಬ್ಮುಅರೆಯ ಅಂತ ಆಗಿದೆ. ನಾನು ಕೆಳಗೆ ಬಳಸಿರೋ ಉಚ್ಚಾರ ಎಲ್ಲಾ ಒಪ್ಪಂದದ್ದು, ಅದ್ರ ಮೇಲೆ ಜಗಳ ಬೇಡ.

ಬೇಕಾಗಿರೋ ಸಾಮಾನು ಕಮ್ಮಿ. ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತೆ ಗಾರ್ಡಿನರ್ ಚಿಹ್ನೆ ಪಟ್ಟಿ. ಅಲನ್ ಗಾರ್ಡಿನರ್ 1927ರಲ್ಲಿ ತನ್ನ ವ್ಯಾಕರಣದ ಜೊತೆ ಕೊಟ್ಟ ಪಟ್ಟಿ ಇದು, ಇವತ್ತಿಗೂ ಎಲ್ರೂ ಇದೇ ನಂಬರ್ ಹೇಳೋದು. ಎ ಅಂದ್ರೆ ಗಂಡಸರು, ಬಿ ಹೆಂಗಸರು, ಸಿ ಮನುಷ್ಯ ಮೈ ಇರೋ ದೇವರುಗಳು, ಜಿ ಹಕ್ಕಿಗಳು, ಹೀಗೆ. ಟೈಪ್ ಮಾಡ್ಬೇಕು ಅಂದ್ರೆ ಜೆಸೆಶ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ. ಯೂನಿಕೋಡಲ್ಲೂ 2009ರಿಂದ 1071 ಚಿಹ್ನೆ ಇವೆ, 2024ರಲ್ಲಿ ಇನ್ನೂ 3995 ಸೇರಿಸಿದ್ರು. ಆದ್ರೆ ಮೊದಲ ಆರು ತಿಂಗಳು ಕೈಯಲ್ಲೇ ಬರೀರಿ, ಕೈಗೆ ಹತ್ತಿದ್ರೇನೇ ಕಣ್ಣಿಗೆ ಕಾಣೋದು.

ಸ್ಟೆಪ್ 1: ಮುಖ ಯಾವ ಕಡೆ ಇದೆ ನೋಡಿ

ಹಕ್ಕಿ, ಹಾವು, ಮನುಷ್ಯ ಎಲ್ಲಾ ಸಾಲು ಶುರುವಾಗೋ ಕಡೆಗೆ ಮುಖ ಮಾಡಿರ್ತಾರೆ. ಅವ್ರು ಬಲಕ್ಕೆ ನೋಡ್ತಿದ್ರೆ ನೀವು ಬಲದಿಂದ ಎಡಕ್ಕೆ ಓದಿ. ಮೇಲೆ ಕೆಳಗೆ ಜೋಡಿಸಿದ್ರೆ ಮೇಲಿನದು ಮೊದ್ಲು. ಇಷ್ಟೇ.

ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಲಿಪಿಕಾರನಿಗೆ ಖಾಲಿ ಜಾಗ ಅಂದ್ರೆ ಆಗಲ್ಲ. ಚಿಹ್ನೆಗಳನ್ನ ಕಣ್ಣಿಗೆ ಕಾಣದ ಚೌಕಗಳಲ್ಲಿ ತುಂಬಿಸ್ತಾನೆ, ಚಪ್ಪಟೆ ಚಿಹ್ನೆ ಎರಡನ್ನ ಒಂದರ ಮೇಲೊಂದು ಇಡ್ತಾನೆ, ಉದ್ದ ಕೊಕ್ಕಿನ ಹಕ್ಕಿ ಮುಂದೆ ಸಣ್ಣ ರೊಟ್ಟಿ ಚಿಹ್ನೆ ಸಿಕ್ಕಿಸ್ತಾನೆ. ಹಾಗಾಗಿ ಕೆಲವು ವ್ಯತ್ಯಾಸಕ್ಕೆ ದೊಡ್ಡ ಅರ್ಥ ಏನೂ ಇರಲ್ಲ, ಸಾಲಿನ ಕೊನೇಲಿ ಜಾಗ ಸಾಲ್ಲಿಲ್ಲ ಅಷ್ಟೇ.

ಸ್ಟೆಪ್ 2: ಕೊನೇ ಚಿಹ್ನೆಯಿಂದ ಶುರು ಮಾಡಿ

ಹೊಸಬರು ಎಲ್ರೂ ಮೊದಲನೇ ಚಿಹ್ನೆಯಿಂದ ಧ್ವನಿ ಕೂಡಿಸ್ತಾ ಹೋಗ್ತಾರೆ, ನಾನೂ ಹಾಗೇ ಮಾಡ್ತಿದ್ದೆ. ಈಗ ಉಲ್ಟಾ ಮಾಡ್ತೀನಿ. ಪದದ ಕೊನೇಲಿ ಉಚ್ಚಾರ ಇಲ್ಲದ, ಅರ್ಥ ಮಾತ್ರ ತೋರಿಸೋ ಒಂದು ಚಿಹ್ನೆ ಬರುತ್ತೆ, ಡಿಟರ್ಮಿನೇಟಿವ್ ಅಂತಾರೆ, ನಾನು ಸೂಚಕ ಅಂತೀನಿ. ಅದನ್ನ ಹುಡುಕಿದ್ರೆ ಇದು ದೇವರ ಹೆಸರು ಹೌದೋ ಅಲ್ವೋ, ಗಂಡೋ ಹೆಣ್ಣೋ ಅಂತ ಮೊದ್ಲೇ ಗೊತ್ತಾಗುತ್ತೆ.

ಗಂಡು ದೇವರಿಗೆ ಸಿಗೋದು ಮುಖ್ಯವಾಗಿ ಮೂರು. ಬಾಗಿದ ಗಡ್ಡ ಇಟ್ಕೊಂಡು ಕೂತಿರೋ ದೇವರು, ಪಟ್ಟೀಲಿ ಎ40. ಕಂಬದ ಮೇಲೆ ಕೂತ ಗಿಡುಗ, ಜಿ7, ಇದು ಹಳೇ ಕಾಲದ್ದು, ಹಾಗೇ ಪಪೈರಸ್ ಅನ್ನೋ ಜೊಂಡಿನ ಹಾಳೆ ಮೇಲಿನ ವೇಗದ ಬರವಣಿಗೆ ಹಿಯರಾಟಿಕ್‌ನಲ್ಲಿ ತುಂಬಾ ಕಾಲ ಉಳ್ಕೊಂಡಿದ್ದು. ಮೂರನೇದು ಬಟ್ಟೆ ಸುತ್ತಿದ ಕಂಬ, ಆರ್8, ನೋಡೋಕೆ ಬಾವುಟದ ಥರ, ಇದೇ ಚಿಹ್ನೆಗೆ ನೆಚೆರ್ ಅಂದ್ರೆ ದೇವರು ಅಂತ ಓದು. ಹೆಣ್ಣು ದೇವರಿಗೆ ಕೂತ ಹೆಂಗಸು, ಇಲ್ಲಾ ಹೆಡೆ ಎತ್ತಿದ ನಾಗರಹಾವು, ಇಲ್ಲಾ ಮೊಟ್ಟೆ. ಹೌದು, ಮೊಟ್ಟೆ. ರೊಟ್ಟಿ ಚಿಹ್ನೆ ಅಂದ್ರೆ ತ್, ಅದ್ರ ಪಕ್ಕ ಮೊಟ್ಟೆ ಕಂಡ್ರೆ ತೊಂಬತ್ತು ಭಾಗ ದೇವಿಯ ಹೆಸರು ಅಂತ ನಾನು ಕಣ್ಮುಚ್ಚಿ ಬರ್ಕೋತೀನಿ.

ಎಷ್ಟೋ ದೇವರಿಗೆ ಅವ್ರದ್ದೇ ಸ್ವಂತ ಸೂಚಕಾನೂ ಇದೆ. ಅನುಬಿಸ್‌ಗೆ ಮಲಗಿರೋ ನರಿ, ಕೆಲವೊಮ್ಮೆ ಗುಡಿ ಪೆಟ್ಟಿಗೆ ಮೇಲೆ ಮಲಗಿರೋ ನರಿ. ರಾಗೆ ಸೂರ್ಯಬಿಂಬ, ಇಲ್ಲಾ ಗಿಡುಗದ ತಲೆ ಮೇಲೆ ಬಿಂಬ ಹೊತ್ತ ದೇವರು. ಪ್ತಾಗೆ ಮೈತುಂಬ ಬಟ್ಟೆ ಸುತ್ಕೊಂಡು ನಿಂತಿರೋ ಮೂರ್ತಿ.

ಸ್ಟೆಪ್ 3: ಧ್ವನಿ ಮತ್ತೆ ಚಿತ್ರ ಬೇರೆ ಮಾಡಿ

ಈಗ ಉಳಿದ ಚಿಹ್ನೆಗಳು. ಇಲ್ಲಿ ಲಿಪಿಕಾರನಿಗೆ ಮೂರು ದಾರಿ ಇತ್ತು. ಪೂರ್ತಿ ಧ್ವನಿಯಲ್ಲಿ ಬರಿ, ಪೂರ್ತಿ ಚಿತ್ರದಲ್ಲಿ ಬರಿ, ಇಲ್ಲಾ ಎರಡನ್ನೂ ಬೆರೆಸು.

ಧ್ವನಿಗೆ ಒಳ್ಳೇ ಉದಾಹರಣೆ ಅಮುನ್. ಜೊಂಡಿನ ಎಲೆ ಇ, ಆಟದ ಹಲಗೆ ಮ್-ನ್, ಕೆಳಗೆ ನೀರಿನ ಅಲೆ ನ್. ಗಮನಿಸಿ, ಹಲಗೆಯಲ್ಲೇ ನ್ ಇದೆ, ಆದ್ರೂ ಇನ್ನೊಂದು ಸಲ ನೀರಿನ ಅಲೆ ಬರ್ದಿದಾರೆ. ಅದನ್ನ ಇಮ್-ನ್-ನ್ ಅಂತ ಓದ್ಬಾರ್ದು, ಅದು ಬರೀ ನೆನಪಿಸೋಕೆ, ನೋಡಪ್ಪ ಈ ಹಲಗೆ ಕೊನೆಗೆ ನ್ ಇದೆ ಮರೀಬೇಡ ಅಂತ. ಇಂಥ ಜೊತೆ ಧ್ವನಿ ಬೇಕಾದ್ರೆ ಹಾಕ್ಬಹುದು, ಬೇಡ ಅಂದ್ರೆ ಬಿಡಬಹುದು, ಅರ್ಧ ವ್ಯತ್ಯಾಸಗಳು ಹುಟ್ಟೋದೇ ಇಲ್ಲಿಂದ. ಅಮುನ್ ಅಂದ್ರೆ ಅಡಗಿರೋನು ಅಂತ ಅರ್ಥ, ಅಡಗಿರೋನಿಗೆ ಚಿತ್ರ ಬರೆಯೋದಾದ್ರೂ ಹೇಗೆ, ಹಾಗಾಗಿ ಇವನದ್ದು ಧ್ವನಿಯಲ್ಲೇ ಜಾಸ್ತಿ ಸಿಗೋದು ಅಂತ ನನ್ನ ಸ್ವಂತ ಅನಿಸಿಕೆ.

ಚಿತ್ರಕ್ಕೆ ಉದಾಹರಣೆ ಥೋಥ್, ಅವ್ರ ಬಾಯಲ್ಲಿ ಜೆಹುತಿ. ಕಂಬದ ಮೇಲೆ ಐಬಿಸ್ ಹಕ್ಕಿ ಇದ್ರೆ ಸಾಕು, ಹೆಸರು ಮುಗೀತು. ಕೆಲವು ಕಡೆ ಪಕ್ಕದಲ್ಲಿ ರೊಟ್ಟಿ ಮತ್ತೆ ಎರಡು ಓರೆ ಗೆರೆ ಇರುತ್ತೆ, ಅದು ಕೊನೇ ತಿ ಅನ್ನೋದಕ್ಕೆ ಮಾತ್ರ. ಹೊರಸ್‌ಗೆ ಗಿಡುಗ. ಹಾಥೋರ್ ಇನ್ನೂ ಚೆಂದ, ಒಂದು ಆವರಣದ ನಕ್ಷೆ ಒಳಗೆ ಗಿಡುಗ ಕೂತಿದೆ, ಹುತ್ ಅಂದ್ರೆ ಮನೆ, ಹೆರ್ ಅಂದ್ರೆ ಹೊರಸ್, ಹೊರಸ್‌ನ ಮನೆ. ಅದೇ ಆವರಣದ ಮೇಲೆ ಬುಟ್ಟಿ ಇಟ್ಟಿದ್ರೆ ಮಾತ್ರ ಅದು ನೆಫ್ತಿಸ್, ಮನೆಯ ಒಡತಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತೆ, ಫೋಟೋ ಮಸುಕಾಗಿದ್ರೆ ಗ್ಯಾರಂಟಿ ಮೋಸ ಹೋಗ್ತೀರಿ.

ಬೆರೆಸಿದ್ದಕ್ಕೆ ರಾ. ಬಾಯಿ ಅಂದ್ರೆ ರ್, ಮುಂದೋಳು ಅಂದ್ರೆ ಗಂಟಲಿನ ಆ, ಆಮೇಲೆ ಬಿಂಬ, ಆಮೇಲೆ ದೇವರು. ಇಲ್ಲಾ ಬಿಂಬ, ಕೆಳಗೊಂದು ಗೀಟು. ಆ ಗೀಟು ಅಂದ್ರೆ ಚಿತ್ರ ಏನು ತೋರಿಸ್ತಿದ್ಯೋ ಅದೇ ಅರ್ಥ ಅಂತ. ಇಲ್ಲಾ ಬರೀ ಬಿಂಬ. ಮೂರೂ ಸರಿ.

ಸ್ಟೆಪ್ 4: ದೇವರು ಕ್ಯೂ ಜಂಪ್ ಮಾಡಿದಾನಾ ನೋಡಿ

ಇಲ್ಲಿ ನಾನು ಒಂದ್ ತಿಂಗಳು ಬಿದ್ದಿದ್ದೆ. ಒಂದು ಕಾರ್ಟೂಷ್, ಅಂದ್ರೆ ರಾಜನ ಹೆಸರು ಸುತ್ತೋ ಉದ್ದ ಉಂಗುರ, ಒಳಗೆ ಮೇಲಿಂದ ಸೂರ್ಯಬಿಂಬ, ಸಗಣಿ ಹುಳ, ಮೂರು ಗೀಟು, ಬುಟ್ಟಿ. ನಾನು ಶ್ರದ್ಧೆಯಿಂದ ರಾ-ಖೆಪೆರು-ನೆಬ್ ಅಂತ ಬರ್ಕೊಂಡು ಇದ್ಯಾವ ರಾಜ ಯಾವ ಪಟ್ಟೀಲೂ ಇಲ್ವಲ್ಲಾ ಅಂತ ಹುಡುಕಿದ್ದೇ ಹುಡುಕಿದ್ದು. ಅದು ನೆಬ್-ಖೆಪೆರು-ರಾ. ತುತನ್‌ಖಾಮುನ್‌ನ ಪಟ್ಟದ ಹೆಸರು! ಇಡೀ ಪ್ರಪಂಚಕ್ಕೆ ಗೊತ್ತಿರೋ ರಾಜನ್ನ ನಾನು ಹೊಸದಾಗಿ ಕಂಡುಹಿಡೀತಿದ್ದೆ.

ನಿಯಮ ಏನಂದ್ರೆ, ಹೆಸರಿನೊಳಗೆ ದೇವರ ಹೆಸರು ಇದ್ರೆ ಅದನ್ನ ಗೌರವಕ್ಕೆ ಮೊದ್ಲು ಬರೀತಾರೆ, ಉಚ್ಚಾರದಲ್ಲಿ ಅದು ಕೊನೇಲಿದ್ರೂ ಸರಿ. ಬರೆಯೋ ಕ್ರಮ ಬೇರೆ ಓದೋ ಕ್ರಮ ಬೇರೆ ಅಂದ್ರೆ ನಮಗೆ ವಿಚಿತ್ರ ಅನ್ನಿಸ್ಬಾರ್ದು, ಸೂರ್ಯ ಅಂತ ಬರೆಯುವಾಗ ನಾವು ಮಾಡೋದೂ ಅದೇ ತಾನೆ, ರ್ ಮೊದ್ಲು ಬಾಯಿಗೆ ಬರುತ್ತೆ ಆದ್ರೆ ಅರ್ಕಾವೊತ್ತು ಕೂರೋದು ಯ ಆದ್ಮೇಲೆ. ನಮ್ದು ಲಿಪಿಯ ಅನುಕೂಲಕ್ಕೆ, ಅವ್ರದ್ದು ಮರ್ಯಾದೆಗೆ, ಅಷ್ಟೇ ವ್ಯತ್ಯಾಸ.

ತುತನ್‌ಖಾಮುನ್ ಅನ್ನೋ ಹೆಸರಲ್ಲೂ ಹೀಗೇ, ಮೇಲೆ ಜೊಂಡು-ಹಲಗೆ-ನೀರು ಅಂದ್ರೆ ಅಮುನ್, ಆಮೇಲೆ ತ್-ವ್-ತ್, ಆಮೇಲೆ ಅಂಖ್ ಅನ್ನೋ ಮೇಲೆ ಕುಣಿಕೆ ಇರೋ ಶಿಲುಬೆ ಥರದ ಚಿಹ್ನೆ. ಓದುವಾಗ ತುತ್-ಅಂಖ್-ಅಮುನ್. ಪೂಜಾರಿ ಅನ್ನೋ ಪದದಲ್ಲೂ ಇದೇ ಕಥೆ, ಹೆಮ್-ನೆಚೆರ್ ಅಂದ್ರೆ ದೇವರ ಸೇವಕ, ಆದ್ರೆ ಬಾವುಟ ಮೊದ್ಲು ಬರುತ್ತೆ ಸೇವಕ ಆಮೇಲೆ. ಹಾಗಾಗಿ ಗುಂಪಿನ ತಲೇಲಿ ದೇವರು ಕಂಡ ತಕ್ಷಣ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ ಪಕ್ಕಕ್ಕಿಡಿ, ಉಳಿದಿದ್ದು ಓದಿ, ಕೊನೇಲಿ ದೇವರನ್ನ ಸೇರಿಸಿ ನೋಡಿ. ಅಮೆನ್‌ಹೋಟೆಪ್, ಪ್ತಾಹೋಟೆಪ್ ಥರ ಹೆಸರಲ್ಲಿ ದೇವರು ನಿಜಕ್ಕೂ ಮೊದ್ಲೇ ಇರ್ತಾನೆ, ಎರಡೂ ಥರ ಓದಿ ರಾಜರ ಪಟ್ಟೀಲಿ ಯಾವ್ದು ಕೂರುತ್ತೆ ನೋಡೋದು ಬಿಟ್ಟು ಬೇರೆ ಶಾರ್ಟ್‌ಕಟ್ ಇಲ್ಲ.

ಫ್ರೆಂಚ್ ಪಂಡಿತ ಶಾಂಪೋಲಿಯನ್ 1822ರಲ್ಲಿ ಈ ಲಿಪಿಯ ಬೀಗ ತೆಗೆದಿದ್ದೂ ದೇವರ ಹೆಸರಿಂದ್ಲೇ. ಕಾರ್ಟೂಷ್‌ನಲ್ಲಿ ಬಿಂಬ ನೋಡಿ, ಕಾಪ್ಟಿಕಲ್ಲಿ ಸೂರ್ಯ ಅಂದ್ರೆ ರೇ ಅಲ್ವಾ ಅಂತ ಹೊಳೆದು ರಾಮ್ಸೆಸ್ ಬಂದ. ಇನ್ನೊಂದರಲ್ಲಿ ಐಬಿಸ್ ನೋಡಿ ಥೋಥ್ ಅಂತ ಗುರುತಿಸಿ ಥುತ್‌ಮೋಸ್ ಬಂದ.

ಸ್ಟೆಪ್ 5: ಒಂದೇ ದೇವರನ್ನ ಹಿಡ್ಕೊಂಡು ಪಟ್ಟಿ ಮಾಡಿ

ಎಲ್ಲಾ ದೇವರನ್ನ ಒಟ್ಟಿಗೆ ಕಲಿಯೋಕೆ ಹೋಗ್ಬೇಡಿ. ಒಸಿರಿಸ್ ಒಬ್ಬನ್ನ ಹಿಡೀರಿ, ಯಾಕಂದ್ರೆ ಸಮಾಧಿ ಕಲ್ಲುಗಳಲ್ಲಿ ಅವನು ಬೇಕಾದಷ್ಟು ಸಿಗ್ತಾನೆ. ಮೇಲಿನ ಸಾಲಲ್ಲಿ ಸಾಮಾನ್ಯವಾಗಿ ಹೆತೆಪ್-ದಿ-ನೆಸು ಅಂತ ಶುರುವಾಗುತ್ತೆ, ರಾಜ ಕೊಡೋ ನೈವೇದ್ಯ ಅಂತ. ಆಮೇಲೆ ಉಸಿರ್, ನೆಬ್ ಜೆದು, ನೆಚೆರ್ ಆ, ನೆಬ್ ಅಬ್ಜು. ಅಂದ್ರೆ ಒಸಿರಿಸ್, ಬುಸಿರಿಸ್ ಊರಿನ ಒಡೆಯ, ಮಹಾದೇವ, ಅಬೈಡೋಸ್‌ನ ಒಡೆಯ. ನೆಚೆರ್ ಆ ಅಂದ್ರೆ ಪದಕ್ಕೆ ಪದ ಮಹಾ ದೇವ, ಮೊದಲ ಸಲ ಓದಿದಾಗ ನನಗೆ ನಗು ಬಂತು.

ಈ ಒಂದು ವಾಕ್ಯ ಇರೋ ಹತ್ತು ಕಲ್ಲು ಹುಡುಕಿ, ಉಸಿರ್ ಅನ್ನೋ ಗುಂಪನ್ನ ಮಾತ್ರ ಒಂದರ ಕೆಳಗೆ ಒಂದು ಬರ್ಕೊಳ್ಳಿ, ಪಕ್ಕದಲ್ಲಿ ಮ್ಯೂಸಿಯಂ ಕೊಟ್ಟಿರೋ ಕಾಲ. ನನ್ನ ಪಟ್ಟೀಲಿ ಬಂದಿದ್ದು ಹೀಗೆ: ತೀರಾ ಹಳೇದರಲ್ಲಿ ಸಿಂಹಾಸನ ಮತ್ತೆ ಕಣ್ಣು ಎರಡೇ, ಸೂಚಕಾನೇ ಇಲ್ಲ. ಆಮೇಲಿನ ಕಾಲದಲ್ಲಿ ಅದ್ರ ಹಿಂದೆ ಗಡ್ಡದ ದೇವರು ಬಂದು ಕೂತ. ಕೆಲವು ಕಡೆ ಕಣ್ಣು ಮೇಲೆ ಹೋಗಿ ಸಿಂಹಾಸನ ಕೆಳಗೆ ಬಂದಿದೆ. ಸಿಂಹಾಸನದ ಜಾಗದಲ್ಲಿ ಹೊತ್ಕೊಂಡು ಹೋಗೋ ಕುರ್ಚಿ ಥರದ್ದೂ ಸಿಕ್ತು. ಇನ್ನೂ ತಡವಾಗಿ, ಸುಮಾರು ಕ್ರಿ.ಪೂ. 8ನೇ ಶತಮಾನದ ಆಸುಪಾಸಿನಿಂದ, ಗಡ್ಡದ ದೇವರ ಬದ್ಲು ಬಾವುಟ ಕಾಣೋದು ಜಾಸ್ತಿ ಆಗುತ್ತೆ. ಇದನ್ನ ಪಂಡಿತರು ಕಲ್ಲಿನ, ಶವಪೆಟ್ಟಿಗೆಯ ಕಾಲ ಅಂದಾಜು ಮಾಡೋಕೇ ಬಳಸ್ತಾರೆ. ಒಂದು ಸಣ್ಣ ಬಾವುಟ ನೋಡಿ ಐನೂರು ವರ್ಷ ಆಚೆ ಈಚೆ ಮಾಡ್ಬಹುದು ಅಂದ್ರೆ ಸುಮ್ನೆ ಅಲ್ಲ. ಆದ್ರೆ ಅದೊಂದನ್ನೇ ನಂಬ್ಕೊಂಡು ಕಾಲ ಹೇಳ್ಬೇಡಿ, ಹಳೇ ಶೈಲೀನ ಬೇಕಂತ ಕಾಪಿ ಹೊಡೆಯೋದು ಅವ್ರಿಗೂ ಗೊತ್ತಿತ್ತು.

ಇಲ್ಲಿ ಎರಡು ಗುಂಡಿ ಇವೆ, ನೋಡ್ಕೊಂಡು ಹೋಗಿ. ಒಂದು, ಒಸಿರಿಸ್‌ನ ಹೆಂಡತಿ ಐಸಿಸ್ ಹೆಸರಲ್ಲೂ ಅದೇ ಸಿಂಹಾಸನ ಇದೆ, ಆದ್ರೆ ಅಲ್ಲಿ ಕಣ್ಣಿಲ್ಲ, ರೊಟ್ಟಿ ಮೊಟ್ಟೆ ಇದೆ. ಎರಡು, ಸತ್ತವರ ಹೆಸರಿನ ಮುಂದೆಯೂ ಉಸಿರ್ ಅಂತ ಹಾಕ್ತಾರೆ, ನಾವು ದಿವಂಗತ ಅಂತ ಹಾಕೋ ಜಾಗದಲ್ಲಿ. ಬ್ರಿಟಿಷ್ ಮ್ಯೂಸಿಯಂನಲ್ಲಿರೋ ಆನಿಯ ಪಪೈರಸ್ ನೋಡಿದ್ರೆ ಉಸಿರ್ ಆನಿ, ಉಸಿರ್ ಆನಿ ಅಂತ ಮತ್ತೆಮತ್ತೆ ಬರುತ್ತೆ. ಆನಿ ದೇವರೇನಲ್ಲ, ಸತ್ತು ಒಸಿರಿಸ್‌ನ ದಾರಿ ಹಿಡಿದ ಒಬ್ಬ ಲಿಪಿಕಾರ.

ಸ್ಟೆಪ್ 6: ಭಯ ಎಲ್ಲಿದೆ ಹುಡುಕಿ

ನನಗೆ ತುಂಬಾ ಇಷ್ಟ ಆಗೋ ಭಾಗ ಇದು. ಅವ್ರಿಗೆ ಬರೆದ ಚಿತ್ರ ಬರೀ ಚಿತ್ರ ಅಲ್ಲ, ಅದಕ್ಕೆ ಜೀವ ಬರಬಹುದು. ಸುಮಾರು ಕ್ರಿ.ಪೂ. 2350ರ ಉನಾಸ್ ರಾಜನ ಪಿರಮಿಡ್ಡಿಂದ ಶುರುವಾಗೋ ಪಿರಮಿಡ್ ಪಠ್ಯಗಳಲ್ಲಿ, ಹೆಣ ಮಲಗಿಸೋ ಕೋಣೆ ಗೋಡೆ ಮೇಲೆ, ಮನುಷ್ಯರ ಚಿಹ್ನೇನ ಬಿಟ್ಟೇಬಿಡೋದು ಇಲ್ಲಾ ತಲೆ ಕೈ ಮಾತ್ರ ಬರೆಯೋದು, ಅಪಾಯದ ಪ್ರಾಣೀನ ಎರಡು ತುಂಡು ಮಾಡಿ ಬರೆಯೋದು ಸಿಗುತ್ತೆ. ಮಧ್ಯ ಸಾಮ್ರಾಜ್ಯದ (ಸುಮಾರು ಕ್ರಿ.ಪೂ. 2000-1700) ಕೊನೇ ಕಡೆಯ ಶವಪೆಟ್ಟಿಗೆಗಳಲ್ಲಿ ಹಕ್ಕಿಗಳಿಗೆ ಕಾಲಿಲ್ಲ, ಹಾವಿಗೆ ಬಾಲ ಇಲ್ಲ. ಇಂಥಾ ಕಡೆ ದೇವರ ಹೆಸರಲ್ಲಿ ಸೂಚಕ ಕಾಣ್ಸಿಲ್ಲ ಅಂದ್ರೆ ಉದಾಸೀನ ಅಲ್ಲ, ಹೆದರಿಕೆ.

ಅಪೆಪ್ ಅನ್ನೋ ಮಹಾಸರ್ಪ, ಪ್ರತಿ ರಾತ್ರಿ ಸೂರ್ಯನ ದೋಣಿಗೆ ಅಡ್ಡ ಬರೋನು, ಅವನ ಹೆಸರಿನ ಹಾವಿನ ಮೈಮೇಲೆ ಚೂರಿ ಚುಚ್ಚಿ ಬರೀತಾರೆ. ಪಪೈರಸ್‌ಗಳಲ್ಲಿ ಅವನ ಹೆಸರು ಕೆಂಪು ಮಸಿಯಲ್ಲಿ ಸಿಗೋದುಂಟು. ಇದಕ್ಕೆ ಉಲ್ಟಾ ಇನ್ನೊಂದು, ತಲೆಬರಹದ ಥರ ಇಡೀ ಸಾಲು ಕೆಂಪಲ್ಲಿ ಬರೆಯುವಾಗ ಮಧ್ಯ ಒಳ್ಳೇ ದೇವರ ಹೆಸರು ಬಂದ್ರೆ ಪೆನ್ ಬದಲಾಯಿಸಿ ಕಪ್ಪಲ್ಲಿ ಬರ್ದು ಮತ್ತೆ ಕೆಂಪಿಗೆ ಬರ್ತಾರೆ. ಹಾಗಾಗಿ ಪಪೈರಸ್ ಆದ್ರೆ ಕಲರ್ ಫೋಟೋನೇ ಹುಡುಕಿ, ಕಪ್ಪುಬಿಳುಪಲ್ಲಿ ಇದೆಲ್ಲ ಮಣ್ಣುಪಾಲು.

ಆದ್ರೆ ಭಯದ ರಾಜ ಅಂದ್ರೆ ಸೆಥ್. ತಮ್ಮನಾಗಿ ಅಣ್ಣ ಒಸಿರಿಸ್‌ನ ಕೊಂದೋನು. ಅವನ ಹೆಸರು ಹಳೇದರಲ್ಲಿ ಸ್-ತ್-ಶ್, ಆಮೇಲೆ ಸ್-ತ್-ಖ್, ಸ್-ವ್-ತ್-ಖ್, ಇಲ್ಲಾ ನೆಟ್ಟಗಿನ ಚೌಕ ಕಿವಿ ಬಾಗಿದ ಮೂತಿ ಇರೋ ಯಾವ ಪ್ರಾಣಿ ಅಂತಾನೂ ಹೇಳೋಕಾಗದ ಒಂದು ಪ್ರಾಣಿ. ಅದೇ ಪ್ರಾಣೀನ ಬಿರುಗಾಳಿ, ಗಲಾಟೆ ಅನ್ನೋ ಪದಗಳಿಗೂ ಸೂಚಕ ಮಾಡಿದಾರೆ. ಈಗ ಯೋಚ್ನೆ ಮಾಡಿ, ರಾಜನ ಹೆಸರೇ ಸೆತಿ, ಅಂದ್ರೆ ಸೆಥ್‌ನವನು, ಅವನು ಅಬೈಡೋಸ್‌ನಲ್ಲಿ, ಒಸಿರಿಸ್‌ನ ಊರಲ್ಲೇ ದೊಡ್ಡ ದೇವಸ್ಥಾನ ಕಟ್ತಾನೆ. ಗೋಡೆ ಮೇಲೆ ರಾಜನ ಹೆಸರು ಬರೀಬೇಕು, ಕೊಲೆಗಾರನ ಚಿತ್ರ ಕೊಲೆಯಾದವನ ಮನೇಲಿ ಹೇಗ್ರೀ ಬರೆಯೋದು?

ಲಿಪಿಕಾರರು ಏನ್ ಮಾಡಿದ್ರು ಗೊತ್ತಾ, ಸೆಥ್ ಪ್ರಾಣಿ ಇರ್ಬೇಕಾದ ಜಾಗದಲ್ಲಿ ಕೂತಿರೋ ಒಸಿರಿಸ್‌ನೇ ಹಾಕಿ, ಜೊತೆಗೆ ಐಸಿಸ್ ಗಂಟು ಅಂತಾರಲ್ಲ ಆ ತಿತ್ ಚಿಹ್ನೆ ಇಟ್ಟು, ಓದೋಕೆ ಮಾತ್ರ ಸೆತಿ ಅಂತಾನೇ ಇಟ್ರು. 1817ರಲ್ಲಿ ಬೆಲ್ಝೋನಿ ತೆರೆದ ಅವನ ಗೋರಿಯಲ್ಲೂ ಹೀಗೇ. ಬೇರೆ ಕಡೆ, ಉದಾಹರಣೆಗೆ ಕಾರ್ನಾಕ್‌ನಲ್ಲಿ, ಪ್ರಾಣಿ ಆರಾಮಾಗಿ ಕೂತಿದೆ. ಎರಡು ಕಡೆಯ ಕಾರ್ಟೂಷ್ ಪಕ್ಕಪಕ್ಕ ಇಟ್ಟು ನೋಡಿ, ಈ ಗೈಡ್ ಪೂರ್ತಿ ಆ ಎರಡು ಫೋಟೋದಲ್ಲಿದೆ.

ಸ್ಟೆಪ್ 7: ರಾಜಕೀಯ ಚೆಕ್ ಮಾಡಿ

ಕಲ್ಲು ಕ್ರಿ.ಪೂ. 14ನೇ ಶತಮಾನದ್ದಾದ್ರೆ ಅಖೆನಾತೆನ್ ನೆನಪಿಸ್ಕೊಳ್ಳಿ. ಆತೆನ್ ಅಂದ್ರೆ ಸೂರ್ಯಬಿಂಬ ಬಿಟ್ಟು ಬೇರೆ ಯಾರೂ ಬೇಡ ಅಂದ ರಾಜ. ಅವನ ಕಾಲದಲ್ಲಿ ಆತೆನ್ ದೇವರಿಗೇ ರಾಜನ ಥರ ಎರಡು ಕಾರ್ಟೂಷ್. ಮೊದಮೊದ್ಲು ಆ ಉದ್ದ ಹೆಸರಲ್ಲಿ ಹೊರಾಖ್ತಿ ಅನ್ನೋ ಸೂರ್ಯ ದೇವರ ಗಿಡುಗ ಇತ್ತು, ಶು ಅನ್ನೋ ಗಾಳಿ ದೇವರ ಹೆಸರೂ ಇತ್ತು. ಆಳ್ವಿಕೆಯ ಕೊನೇ ಭಾಗಕ್ಕೆ ಬರೋಷ್ಟರಲ್ಲಿ ಇಬ್ರೂ ಮಾಯ, ಆ ಜಾಗದಲ್ಲಿ ರಾ ಮಾತ್ರ. ಹಾಗಾಗಿ ಆತೆನ್ ಹೆಸರಿನ ಯಾವ ರೂಪ ಇದೆ ಅಂತ ನೋಡಿದ್ರೆ ಕಲ್ಲು ಆಳ್ವಿಕೆಯ ಮೊದಲ ಭಾಗದ್ದಾ ಕೊನೇದಾ ಅಂತ ಹೇಳ್ಬಹುದು.

ತಾಯಿ ಅನ್ನೋ ಪದಕ್ಕೆ ರಣಹದ್ದು ಬರೆಯೋದು ವಾಡಿಕೆ, ಆದ್ರೆ ರಣಹದ್ದು ಅಂದ್ರೆ ಮುತ್ ದೇವಿ ಕೂಡಾ, ಅದಕ್ಕೇ ಹದ್ದು ಬಿಟ್ಟು ತಾಯಿ ಅನ್ನೋದನ್ನೂ ಧ್ವನಿಯಲ್ಲಿ ಬರೆದ್ರು. ಮಾತ್, ಅಂದ್ರೆ ಸತ್ಯ ಮತ್ತೆ ಋತ ಅನ್ನೋ ಪದದಲ್ಲೂ ದೇವಿಯ ಚಿತ್ರ ಹೋಯ್ತು. ಅಮುನ್ ಹೆಸರನ್ನಂತೂ ಉಳಿ ತಗೊಂಡು ಕೆತ್ತಿ ಹಾಕಿದ್ರು, ರಾಜನ ಸ್ವಂತ ಅಪ್ಪ ಅಮೆನ್‌ಹೋಟೆಪ್‌ನ ಹೆಸರೊಳಗಿದ್ದ ಅಮುನ್‌ನೂ ಬಿಡ್ಲಿಲ್ಲ. ಆಮೇಲೆ ಬಂದವ್ರು ಮತ್ತೆ ತುಂಬಿಸಿದ್ರು. ಫೋಟೋದಲ್ಲಿ ಅಮುನ್ ಹೆಸರಿನ ಸುತ್ತ ಕಲ್ಲು ತಗ್ಗಾಗಿ ಒರಟಾಗಿ ಕಂಡ್ರೆ ಈ ಅಳಿಸಿ ಬರೆದ ಕಥೆ ಇರಬಹುದು. ತುತನ್‌ಖಾಮುನ್‌ನ ಚಿನ್ನದ ಸಿಂಹಾಸನದಲ್ಲಿ ಅವನ ಹೆಸರು ಆತೆನ್ ಇರೋ ರೂಪದಲ್ಲೂ ಇದೆ, ಅಮುನ್ ಇರೋ ರೂಪದಲ್ಲೂ ಇದೆ, ಒಂದೇ ಕುರ್ಚಿ ಮೇಲೆ.

ಸ್ಟೆಪ್ 8: ಹೊರಗಿನಿಂದ ಬಂದ ದೇವರು

ಹೊಸ ಸಾಮ್ರಾಜ್ಯದಲ್ಲಿ (ಸುಮಾರು ಕ್ರಿ.ಪೂ. 1550-1070) ಕಾನಾನ್ ಸಿರಿಯಾ ಕಡೆಯಿಂದ ಬಾಲ್, ಅನಾತ್, ಅಸ್ತಾರ್ತೆ, ರೆಶೆಫ್ ಎಲ್ಲಾ ಬಂದ್ರು. ಇವ್ರಿಗೆ ಹಳೇ ಚಿತ್ರ ಇಲ್ವಲ್ಲ, ಹಾಗಾಗಿ ಗುಂಪು ಬರವಣಿಗೆ ಅಂತ ಒಂದು ಪದ್ಧತಿ, ಒಂದೊಂದು ಉಚ್ಚಾರದ ತುಂಡಿಗೆ ಎರಡ್ಮೂರು ಚಿಹ್ನೆ ಹಾಕಿ ಉದ್ದುದ್ದ ಬರೀತಾರೆ. ಅವ್ರಲ್ಲಿ ಲ್ ಧ್ವನಿಗೆ ಬೇರೆ ಚಿಹ್ನೆ ಇರ್ಲಿಲ್ಲ, ಬಾಲ್ ಅನ್ನೋದು ಬ್-ಆ-ರ್ ಆಗುತ್ತೆ. ಕೊನೇಲಿ ಸೂಚಕ ಯಾರು ಅಂದ್ರೆ ಸೆಥ್ ಪ್ರಾಣಿ. ಇಬ್ರೂ ಗುಡುಗು ಸಿಡಿಲಿನವ್ರು, ಒಂದೇ ಅಂತ ಸೇರಿಸ್ಬಿಟ್ರು. ದೇವರ ಹೆಸರು ಅನ್ನಿಸ್ತಿದೆ ಆದ್ರೆ ಯಾಕೋ ಅತಿ ಉದ್ದ ಇದೆ ಅಂದ್ರೆ ಇದನ್ನ ಅನುಮಾನಿಸಿ.

ಸ್ಟೆಪ್ 9: ಕೊನೇ ಕಾಲದ ದೇವಸ್ಥಾನ ಆದ್ರೆ ಉಸಿರು ಬಿಗಿ ಹಿಡ್ಕೊಳ್ಳಿ

ಟಾಲೆಮಿಗಳು, ಅಂದ್ರೆ ಅಲೆಕ್ಸಾಂಡರ್ ಆದ್ಮೇಲೆ ಈಜಿಪ್ಟ್ ಆಳಿದ ಗ್ರೀಕ್ ವಂಶದವ್ರು, ಮತ್ತೆ ರೋಮನ್ನರ ಕಾಲದ ಎಡ್ಫು, ಡೆಂಡೆರಾ, ಎಸ್ನಾ ಗೋಡೆಗಳು ಬೇರೇನೇ ಲೋಕ. ಮೊದ್ಲು ಏಳ್ನೂರು ಚಿಲ್ಲರೆ ಇದ್ದ ಚಿಹ್ನೆ ಇಲ್ಲಿ ಸಾವಿರಗಟ್ಟಲೆ ಆಗುತ್ತೆ. ಪೂಜಾರಿಗಳಿಗೆ ಬರವಣಿಗೆನೇ ಪೂಜೆ, ಹೊಸ ಸ್ಪೆಲ್ಲಿಂಗ್ ಕಂಡುಹಿಡಿಯೋದೇ ಸೇವೆ.

ಪ್ತಾ ತಗೊಳ್ಳಿ. ಹಳೇ ಕಾಲದಲ್ಲಿ ಪೀಠ ಪ್, ರೊಟ್ಟಿ ತ್, ತಿರುಚಿದ ಹುರಿ ಹ್, ಮುಗೀತು. ಇಲ್ಲಿ ಹೇಗೆ ಬರೀತಾರೆ ಅಂದ್ರೆ, ಮೇಲೆ ಆಕಾಶ, ಕೆಳಗೆ ಭೂಮಿ, ಮಧ್ಯ ಎರಡೂ ಕೈ ಎತ್ತಿದ ಹೆಹ್ ಅನ್ನೋ ದೇವರು. ಆಕಾಶಕ್ಕೆ ಪೆತ್, ಮೊದಲ ಧ್ವನಿ ಪ್. ಭೂಮಿಗೆ ತಾ, ಅದ್ರಿಂದ ತ್. ಹೆಹ್‌ನಿಂದ ಹ್. ಪ್-ತ್-ಹ್! ಓದಿದ್ರೆ ಹೆಸರು, ಸುಮ್ನೆ ನೋಡಿದ್ರೆ ಭೂಮಿಯಿಂದ ಆಕಾಶಾನ ಎತ್ತಿ ಹಿಡಿದಿರೋ ಸೃಷ್ಟಿಕರ್ತನ ಚಿತ್ರ. ಇದನ್ನ ಮೊದಲ ಸಲ ಬಿಡಿಸಿದ ರಾತ್ರಿ ನಾನು ಮನೇಲಿ ಮಲಗಿದ್ದವ್ರನ್ನ ಎಬ್ಬಿಸಿ ತೋರಿಸಿದೆ, ಬೈಸ್ಕೊಂಡೆ.

ಎಸ್ನಾದ ಖ್ನುಮ್ ದೇವಸ್ಥಾನದಲ್ಲಿ ಇದು ಹುಚ್ಚಿಗೇ ಹೋಗಿದೆ. ಖ್ನುಮ್ ಟಗರು ತಲೆ ದೇವರು. ಅಲ್ಲಿ ಒಂದು ಸ್ತೋತ್ರ ಪೂರ್ತಿ ಹತ್ರಹತ್ರ ಟಗರಿನ ಚಿಹ್ನೆಗಳಲ್ಲೇ ಬರ್ದಿದಾರೆ, ಇನ್ನೊಂದು ಮೊಸಳೆ ಚಿಹ್ನೆಗಳಲ್ಲೇ. ಒಂದೊಂದು ಟಗರಿಗೂ ಒಂದೊಂದು ಓದು. ಇದನ್ನ ಓದೋಕೆ ಹೋಗ್ಬೇಡಿ, ನೋಡಿ ಕೈ ಮುಗಿದು ಮುಂದೆ ಹೋಗಿ.

ಈ ಆಟ ಹಳೇ ಕಾಲದಲ್ಲೂ ಇತ್ತು ಅನ್ನೋದು ನಿಜ. ಕೈರೋದಲ್ಲಿ ಎರಡನೇ ರಾಮ್ಸೆಸ್‌ನ ಒಂದು ಪ್ರತಿಮೆ ಇದೆ, ತಾನಿಸ್‌ನಲ್ಲಿ ಸಿಕ್ಕಿದ್ದು. ದೊಡ್ಡ ಗಿಡುಗದ ಮುಂದೆ ಪುಟ್ಟ ಮಗು ಬಾಯಲ್ಲಿ ಬೆರಳಿಟ್ಕೊಂಡು ಕೂತಿದೆ, ತಲೆ ಮೇಲೆ ಸೂರ್ಯಬಿಂಬ, ಕೈಯಲ್ಲಿ ಒಂದು ಗಿಡ. ಬಿಂಬ ರಾ, ಮಗು ಮೆಸ್,  ಗಿಡ ಸು. ರಾ-ಮೆಸ್-ಸು. ಇಡೀ ಪ್ರತಿಮೆಯೇ ಸ್ಪೆಲ್ಲಿಂಗ್.

ಸ್ಟೆಪ್ 10: ಅತಿಯಾಗಿ ಓದ್ಬೇಡಿ

ಇಷ್ಟೆಲ್ಲ ಕಲಿತ ಮೇಲೆ ಒಂದು ಕಾಯಿಲೆ ಬರುತ್ತೆ, ಪ್ರತಿ ಗೀಟಿನ ಹಿಂದೆಯೂ ರಹಸ್ಯ ಕಾಣೋಕೆ ಶುರುವಾಗುತ್ತೆ. ಅದಕ್ಕೆ ನಾನು ಒಂದು ಕ್ರಮ ಇಟ್ಕೊಂಡಿದೀನಿ, ವಿಚಿತ್ರ ಸ್ಪೆಲ್ಲಿಂಗ್ ಸಿಕ್ರೆ ಮೊದ್ಲು ಜಾಗ ಸಾಲ್ಲಿಲ್ವಾ ಅಂತ ನೋಡೋದು, ಆಮೇಲೆ ಅದೇ ಕಲ್ಲಲ್ಲಿ ಅದೇ ಹೆಸರು ಇನ್ನೊಂದು ಕಡೆ ಹೇಗಿದೆ, ಆಮೇಲೆ ಆ ಕಾಲದಲ್ಲಿ ಉಳಿದವ್ರು ಹೇಗೆ ಬರೀತಿದ್ರು, ಇದ್ಯಾವ್ದೂ ಹೊಂದ್ಲಿಲ್ಲ ಅಂದ್ರೆ ಮಾತ್ರ ಭಯ ಭಕ್ತಿ ರಾಜಕೀಯಕ್ಕೆ ಬರೋದು. ಬರೀ ತಪ್ಪು ಆಗಿರೋ ಸಾಧ್ಯತೇನೂ ಇದೆ, ಹಿಯರಾಟಿಕ್ ಕರಡು ನೋಡ್ಕೊಂಡು ಕಲ್ಲಿಗೆ ಇಳಿಸುವಾಗ ಒಂದೇ ಥರ ಕಾಣೋ ಚಿಹ್ನೆ ಅದಲುಬದಲಾಗೋದು ಮಾಮೂಲಿ. ದೊಡ್ಡ ಪಂಡಿತರೂ ಎಡವಿದಾರೆ, ಗೆಬ್ ಅನ್ನೋ ಭೂಮಿ ದೇವರ ಹೆಸರಿನ ಹೆಬ್ಬಾತು ಚಿಹ್ನೇನ 19ನೇ ಶತಮಾನದಲ್ಲಿ ಸೆಬ್ ಅಂತ ಓದ್ತಿದ್ರು, ಆಗಿನ ಪುಸ್ತಕದಲ್ಲಿ ಸೆಬ್ ಅಂತ ಕಂಡ್ರೆ ಹೊಸ ದೇವರು ಅಂತ ಪಟ್ಟಿಗೆ ಸೇರಿಸ್ಕೋಬೇಡಿ.

ಇವತ್ತೇ ಶುರು ಮಾಡೋರಿಗೆ ಒಂದು ಹೋಂವರ್ಕ್ ಕೊಡ್ತೀನಿ. ಕಾರ್ಟೂಷ್ ಒಳಗೆ ಮೇಲಿಂದ ಸೂರ್ಯಬಿಂಬ, ಅಮುನ್ ಹೆಸರಲ್ಲಿ ನೋಡಿದ್ರಲ್ಲ ಅದೇ ಆಟದ ಹಲಗೆ, ಅದ್ರ ಕೆಳಗೆ ಮೇಲಕ್ಕೆತ್ತಿದ ಜೋಡಿ ಕೈ ಮೂರು ಸಲ. ಜೋಡಿ ಕೈಗೆ ಕಾ ಅಂತ ಓದು, ಮೂರು ಸಲ ಬಂದ್ರೆ ಬಹುವಚನ, ಕಾಉ. ಬಿಂಬಕ್ಕೆ ಸುತ್ತು ಹಾಕಿ ಪಕ್ಕಕ್ಕಿಟ್ಟು ಓದಿ ನೋಡಿ. ಗಿಝಾದ ಮೂರು ಪಿರಮಿಡ್‌ಗಳಲ್ಲಿ ಚಿಕ್ಕದು ಯಾರದ್ದು ಅಂತ ಗೊತ್ತಿದ್ರೆ ಉತ್ತರ ನೀವೇ ಚೆಕ್ ಮಾಡ್ಕೋಬಹುದು.